ಇಪ್ಪತ್ತೈದನೆಯ ಮಣಿ

ಮಾರ್ಚ್ 5, ಮಂಗಳವಾರ

ಇವತ್ತು ಕುವೈತಿನ ರಾಷ್ಟ್ರೀಯ ಸಭೆಯಲ್ಲಿ ಆರೋಗ್ಯ ಮಂತ್ರಿಯನ್ನು ಏಳು ಗಂಟೆ ಕಾಲ ನಿಲ್ಲಿಸಿಕೊಂಡು ಪ್ರಶ್ನೆ ಕೇಳಿದರು. ನಾನು ಟಿವಿಯ ಮುಂದೆ ಕುಳಿತು ಕೇಳಿದೆ. ನೋಡಿದೆ ಎಂದು ಬರೆಯಲಾರೆ. ಎರಡು ಕಣ್ಣಿಗೂ ಈಗ ನಡುಭಾಗ ಕಾಣುವುದಿಲ್ಲ, ಅಂಚು ಮಾತ್ರ ಕಾಣುತ್ತದೆ. ಮಂತ್ರಿಯ ತಲೆ ಇರಬೇಕಾದ ಜಾಗದಲ್ಲಿ ಒಂದು ಬೂದು ಮಚ್ಚೆ ಇತ್ತು. ಮಚ್ಚೆ ಬಹಳ ಚೆನ್ನಾಗಿ ಮಾತಾಡಿತು. ಉತ್ತರ ಮಾತ್ರ ಕೊಡಲಿಲ್ಲ.

ಪ್ರಶ್ನೆ ಸಣ್ಣದು. ಹೋದ ವರ್ಷ ಜನವರಿಯಲ್ಲಿ ನಮ್ಮ ಕಡೆಯ ಆಸ್ಪತ್ರೆಯಲ್ಲಿ ಕರೆಂಟು ಹೋಯಿತು, ಜನರೇಟರು ಹತ್ತಲಿಲ್ಲ, ರಕ್ತ ಶುದ್ಧಿ ಮಾಡುವ ಯಂತ್ರಗಳು ನಿಂತು ನಾಲ್ವರು ಸತ್ತರು. ತನಿಖೆ ಆಯಿತು. ಅದರ ವರದಿ ಎಲ್ಲಿ ಎಂದು ಮೂರು ಸಲ ಬರಹದಲ್ಲಿ ಕೇಳಿದರೂ ಮಂತ್ರಿ ತುಟಿ ಬಿಚ್ಚಿಲ್ಲ. ಕೊನೆಗೆ ಹತ್ತು ಸದಸ್ಯರು ಸಹಿ ಹಾಕಿ, ಈ ಮಂತ್ರಿಯ ಮೇಲೆ ನಮಗೆ ವಿಶ್ವಾಸವಿಲ್ಲ ಎಂಬ ಕಾಗದವನ್ನು ಸಭಾಪತಿಯ ಕೈಗೆ ಕೊಟ್ಟರು. ಎಲ್ಲರಿಗಿಂತ ದೊಡ್ಡ ಗಂಟಲು ಫಲಾಹ್‌ನದು. ಮೊದಲ ಸಹಿಯೂ ಅವನದೇ.

ಇನ್ನು ಏಳು ದಿನ ಕಳೆಯದೆ ಮತಕ್ಕೆ ಹಾಕುವಂತಿಲ್ಲ. ಮುಂದಿನ ಬುಧವಾರ ಮತ. ಸಂವಿಧಾನ ಬರೆದವರು ಕೋಪ ಆರಲಿ ಎಂದು ಈ ಏಳು ದಿನ ಇಟ್ಟರಂತೆ. ನನ್ನ ಅನುಭವದಲ್ಲಿ ಈ ಏಳು ದಿನಗಳಲ್ಲಿ ಕೋಪ ಆರುವುದಿಲ್ಲ, ವ್ಯಾಪಾರ ಕುದುರುತ್ತದೆ. ಮಂತ್ರಿಗಳಿಗೆ ಇದರಲ್ಲಿ ಮತವಿಲ್ಲ. ಉಳಿದ ನಲವತ್ತೊಂಬತ್ತು ಜನರಲ್ಲಿ ಇಪ್ಪತ್ತೈದು ಜನ ‘ಒಪ್ಪಿಗೆ’ ಎಂದರೆ ಮಂತ್ರಿ ಆ ಕ್ಷಣದಿಂದಲೇ ಮಾಜಿ. ಇಪ್ಪತ್ತನಾಲ್ಕು ಬಂದರೆ ಕುರ್ಚಿ ಗಟ್ಟಿ.

ಸಂಜೆ ಮಿಷಾರಿ ಫೋನ್ ಮಾಡಿದ. ಅವನು ನಮ್ಮ ಕ್ಷೇತ್ರದ ಸದಸ್ಯ. ಅವನ ತಾಯಿಯೂ ನಾನೂ ಒಂದೇ ಶಾಲೆಯಲ್ಲಿ ಪಾಠ ಮಾಡಿದವರು, ಹಾಗಾಗಿ ಅವನಿಗೆ ನಾನು ಖಾಲಾ, ಚಿಕ್ಕಮ್ಮ. ಅವಳು ತೀರಿಕೊಂಡ ಮೇಲೆ ಅವನ ಚುನಾವಣೆಯಲ್ಲಿ ಹೆಂಗಸರ ಕಡೆ ಪೂರ್ತಿ ನೋಡಿಕೊಂಡವಳು ನಾನು. ಅವನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಅರ್ಜಿ ಬರೆದಿಡುವ ನನ್ನ ಹಸಿರು ಪುಸ್ತಕದಿಂದ ಬಂದವು.

“ಖಾಲಾ, ನಾನು ಸಹಿ ಹಾಕಿಲ್ಲ, ಯಾರಿಗೂ ಮಾತು ಕೊಟ್ಟಿಲ್ಲ. ಎರಡೂ ಕಡೆಯವರು ಬೆನ್ನು ಬಿದ್ದಿದ್ದಾರೆ.”

“ಬಾಯಿ ಮುಚ್ಕೊಂಡು ಕೂತಿರು. ಹ್ಞೂಂ ಅನ್ನಬೇಡ, ಉಹ್ಞೂಂ ಅನ್ನಬೇಡ. ಕೊನೇವರೆಗೂ ಕಾಯೋ ಹೆಣ್ಣಿಗೇ ಒಳ್ಳೇ ಸಂಬಂಧ ಬರೋದು.”

ನಕ್ಕ. ನಾನು ತಮಾಷೆ ಮಾಡಿರಲಿಲ್ಲ. ನನ್ನ ಪುಸ್ತಕದಲ್ಲಿ ನಲವತ್ಮೂರು ಅರ್ಜಿಗಳು ಕಾಯುತ್ತಿವೆ: ವರ್ಗಾವಣೆ, ಮನೆ, ವಿದೇಶದಲ್ಲಿ ಚಿಕಿತ್ಸೆ. ಭಾಷಣದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಸಹಿಯಿಂದ ತುಂಬುತ್ತದೆ. ಆ ನಲವತ್ಮೂರರಲ್ಲಿ ಒಂದು ನನ್ನದೇ.

ಮಾರ್ಚ್ 6, ಬುಧವಾರ

ಒಂದೇ ಬೆಳಿಗ್ಗೆ ಹನ್ನೊಂದು ಸಹಿ!

ಮಿಷಾರಿ ಕಾಗದಗಳ ಕಟ್ಟನ್ನು ಸಭೆಗೇ ಒಯ್ದಿದ್ದ. ವಿರಾಮದಲ್ಲಿ ಮಂತ್ರಿಗಳ ಸಾಲಿಗೆ ಹೋಗಿ ಒಂದೊಂದಾಗಿ ಮುಂದಿಟ್ಟನಂತೆ, ಅವರು ಓದದೆಯೇ ಸಹಿ ಹಾಕಿದರಂತೆ. ನಿನ್ನೆ ಪ್ರಶ್ನೆ ಕೇಳಲು ಎತ್ತಿದ ಕೈಗಳೇ ಇವತ್ತು ಅರ್ಜಿ ಚಾಚುತ್ತಿದ್ದವು, ಆರೋಗ್ಯ ಮಂತ್ರಿಯ ಮುಂದಂತೂ ಸಾಲು ನಿಂತಿತ್ತು ಎಂದ. ಎಂಟು ತಿಂಗಳಿಂದ ಕುಳಿತಿದ್ದ ಹುಸ್ಸಾಳ ಮಗಳ ವರ್ಗಾವಣೆ ಆಯಿತು. ಮೂರು ಮಕ್ಕಳ ತಾಯಿ ಅಬೀರಳ ಮನೆ ಆಯಿತು.

ನನ್ನ ಗಂಡ ಬು ಗಾನಿಮ್ ಚಹಾ ಹೀರುತ್ತಾ, “ಈ ಮಂತ್ರಿ ಮೇಲೆ ತಿಂಗಳಿಗೊಂದು ಅವಿಶ್ವಾಸ ತರಬೇಕು ಕಣೇ. ಊರು ಉದ್ಧಾರ ಆಗುತ್ತೆ,” ಎಂದರು.

ಹನ್ನೊಂದು ಸರಿ ಗುರುತು ಹಾಕಿದೆ. ನನ್ನ ಪುಸ್ತಕದಲ್ಲಿ ಮೂರೇ ಗುರುತು: ಆದದ್ದಕ್ಕೆ ಸರಿ ಗುರುತು, ಓಡಾಟದಲ್ಲಿ ಇರುವುದಕ್ಕೆ ಅಡ್ಡಗೀಟು, ಆಗುವ ಮಾತಲ್ಲ ಎನ್ನುವುದಕ್ಕೆ ಸೊನ್ನೆ. ದಪ್ಪ ಪೆನ್ನಿನಲ್ಲಿ ಬರೆದರೂ ಒಂದೆರಡು ಗುರುತು ಪಕ್ಕದ ಹೆಸರಿನ ಮೇಲೆ ಬಿದ್ದವಂತೆ. ಬು ಗಾನಿಮ್ ತಿದ್ದಿದರು.

ಮಾರ್ಚ್ 7, ಗುರುವಾರ

ಪತ್ರಿಕೆಯಲ್ಲಿ ಲೆಕ್ಕ ಬಂದಿದೆ. ಮಂತ್ರಿಯ ವಿರುದ್ಧ ಇಪ್ಪತ್ತನಾಲ್ಕು ಖಚಿತ. ಮಂತ್ರಿಯ ಪರ ಇಪ್ಪತ್ತನಾಲ್ಕು ಖಚಿತ. ಬಾಕಿ ಒಬ್ಬ. ಮಿಷಾರಿಯ ಫೋಟೋ ಕೂಡ ಹಾಕಿದ್ದಾರೆ.

ನನಗೆ ಹೆಮ್ಮೆಯಾಯಿತು. ಆದರೂ ಊಟ ಬೇಡವೆನಿಸಿತು.

ಮಾರ್ಚ್ 9, ಶನಿವಾರ

ಲುಲ್ವಾ ಬಂದಿದ್ದಳು. ಎರಡು ಬೀದಿ ಆಚೆ ಮನೆ. ನನ್ನ ಹಳೆಯ ವಿದ್ಯಾರ್ಥಿನಿ, ಆಮೇಲೆ ನಮ್ಮ ಶಾಲೆಯಲ್ಲೇ ಗುಮಾಸ್ತೆ. ಸತ್ತ ಆ ನಾಲ್ವರಲ್ಲಿ ಅವಳ ಗಂಡ ಹಮದ್ ಒಬ್ಬ. ಸಕ್ಕರೆ, ಏಲಕ್ಕಿ ಹಾಕಿದ ಸುರುಳಿ ಬಿಸ್ಕತ್ತು ತಾನೇ ಮಾಡಿ ತಂದಿದ್ದಳು. ಬೇಡುವವರು ಬರಿಗೈಯಲ್ಲಿ ಬರುವುದು ನನಗೆ ಅಭ್ಯಾಸ. ಕೈಯಲ್ಲಿ ಏನಾದರೂ ಹಿಡಿದು ಬಂದರೆ ನನಗೆ ಕಿರಿಕಿರಿ.

“ಅಬ್ಲಾ, ಬುಧವಾರ ಮಿಷಾರಿ ಏನಂತಾರೆ?”

ಶಾಲೆ ಬಿಟ್ಟು ಎಷ್ಟು ವರ್ಷವಾದರೂ ನಾನು ಇವರಿಗೆ ಅಬ್ಲಾ, ಟೀಚರಮ್ಮ.

“ಅವನನ್ನೇ ಕೇಳು.”

“ಅವರು ನಿಮ್ಮನ್ನ ಕೇಳ್ತಾರೆ. ಊರಿಗೆಲ್ಲ ಗೊತ್ತು.”

“ನೋಡು ಲುಲ್ವಾ, ಮಂತ್ರಿ ಹೋದ್ರೆ ಹಮದ್ ಎದ್ದು ಬರ್ತಾನಾ? ನಿನಗೇನಾದ್ರೂ ಬೇಕಿದ್ರೆ ಹೇಳು, ಮಗನ ಕೆಲಸ, ಮನೆ ರಿಪೇರಿ, ಇದೇ ವಾರ ಮಾಡಿಸ್ತೀನಿ. ಇಲ್ಲಾ, ಅರಮನೆಗೆ ಒಂದು ಕಾಗದ ಬರಿ. ನಮ್ಮ ದೊರೆ ಅಮೀರರು ದೊಡ್ಡ ಮನಸ್ಸಿನವರು.”

ಅವಳು ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ಆಮೇಲೆ ನನ್ನ ಪಾಠವನ್ನೇ ನನಗೆ ಒಪ್ಪಿಸಿದಳು.

“ಅಮೀರರ ಮೇಲೆ ತಪ್ಪು ಹೊರಿಸೋ ಹಾಗಿಲ್ಲ, ಅವರನ್ನ ಪ್ರಶ್ನೆ ಕೇಳೋ ಹಾಗಿಲ್ಲ. ಅವರ ಹೆಸರಲ್ಲಿ ಆಗೋ ಕೆಲಸಕ್ಕೆಲ್ಲ ಮಂತ್ರಿ ಉತ್ತರ ಕೊಡಬೇಕು. ಅದಕ್ಕೇ ಮಂತ್ರಿ ಅಂತ ಒಬ್ಬ ಇರೋದು. ನೀವೇ ಬೋರ್ಡ್ ಮೇಲೆ ಬರೆದಿದ್ರಿ ಅಬ್ಲಾ. ಪರೀಕ್ಷೆಗೆ ಬರುತ್ತೆ ಅಂತ ಕೆಳಗೆ ಎರಡು ಗೆರೆ ಎಳೆದಿದ್ರಿ. ನಾನು ಅಮೀರರಿಗೆ ಸಲಾಂ ಹೇಳ್ತೀನಿ, ಅವರ ಹತ್ರ ಕೇಳೋದಿಲ್ಲ. ಕೇಳಬೇಕಾದವನು ಉತ್ತರ ಕೊಡ್ತಿಲ್ಲ. ಮತ್ತೆ ನಾನು ಯಾರನ್ನ ಕೇಳ್ಲಿ?”

ಇಪ್ಪತ್ತಾರು ವರ್ಷ ನಾನು ಪೌರನೀತಿ ಪಾಠ ಮಾಡಿದೆ. ಅದರಲ್ಲಿ ಹೆಚ್ಚಿನ ಕಾಲ ಕುವೈತಿನಲ್ಲಿ ಹೆಂಗಸರಿಗೆ ಮತವೇ ಇರಲಿಲ್ಲ. ಮತವಿಲ್ಲದ ಹುಡುಗಿಯರಿಗೆ ಮತವಿಲ್ಲದ ಟೀಚರು ಸಂವಿಧಾನ ಬಾಯಿಪಾಠ ಮಾಡಿಸುತ್ತಿದ್ದಳು. ಯಾರಾದರೂ ಅದನ್ನು ನಿಜವೆಂದು ತಿಳಿಯುತ್ತಾರೆಂದು ನಾನು ಎಣಿಸಿರಲಿಲ್ಲ.

ಬಿಸ್ಕತ್ತು ಚೆನ್ನಾಗಿತ್ತು. ಬು ಗಾನಿಮ್ ಅರ್ಧ ಡಬ್ಬಿ ಖಾಲಿ ಮಾಡಿದರು.

ಮಾರ್ಚ್ 10, ಭಾನುವಾರ

ಅಕ್ಷರ ಸಾಲು ತಪ್ಪುತ್ತಿದೆ. ಸಂತೋಷಕ್ಕೆ.

ಇಳಿಹೊತ್ತಿನ ಅಸರ್ ನಮಾಜು ಕಳೆದ ಮೇಲೆ ಮಂತ್ರಿಯ ಕಚೇರಿಯ ಬದರ್ ಬಂದ. ಗರಿಗರಿ ಬಿಳಿ ನಿಲುವಂಗಿ, ಊದಿನ ಅತ್ತರು, ಹಿಂದೆ ಡ್ರೈವರು ಹೊತ್ತು ತಂದ ಒಂದು ಬುಟ್ಟಿ ಫಗಾ. ಈ ಸಲ ಮರುಭೂಮಿಯಲ್ಲಿ ಮಳೆ ಕಡಿಮೆಯಾಗಿ ಮರಳು ಬಗೆದರೂ ಆ ಗೆಡ್ಡೆ ಸಿಗುತ್ತಿಲ್ಲ. ಇವನಿಗೆ ಬುಟ್ಟಿ ತುಂಬ ಸಿಕ್ಕಿದೆ.

“ಉಮ್ಮ್ ಗಾನಿಮ್, ತಾಯಿ, ನಿಮ್ಮ ಫೈಲು ಏಳು ತಿಂಗಳಿಂದ ಸಮಿತಿ ಮುಂದೆ ಇತ್ತಂತೆ. ನಮಗೆ ನಾಚಿಕೆ ಆಗೋ ವಿಷಯ. ನಿನ್ನೆ ಮಂತ್ರಿಗಳೇ ಕರೆಸಿ ನೋಡಿದ್ರು. ಲಂಡನ್ನಿನಲ್ಲಿ ಆಪರೇಷನ್, ಜೊತೆಗೆ ಒಬ್ಬರು ಹೋಗಬಹುದು, ಎರಡು ತಿಂಗಳು. ಎಲ್ಲಾ ಮಂಜೂರು.”

“ಕಾಗದ?”

“ಗುರುವಾರ ಬೆಳಿಗ್ಗೆ ಯಾರನ್ನಾದ್ರೂ ಕಳಿಸಿ. ಕೊಟ್ಟುಬಿಡ್ತೀವಿ.”

ಗುರುವಾರ. ಬುಧವಾರದ ಮಾರನೆಯ ದಿನ. ಅವನು ಮಿಷಾರಿಯ ಹೆಸರು ಎತ್ತಲಿಲ್ಲ, ಮತದ ಮಾತು ಎತ್ತಲಿಲ್ಲ. ಎರಡು ಲೋಟ ಕಾಫಿ ಕುಡಿದು, ಮೂರನೆಯದಕ್ಕೆ ಬೇಡವೆಂದು ಲೋಟ ಅಲ್ಲಾಡಿಸಿ, ನನ್ನ ಆರೋಗ್ಯಕ್ಕೆ ದುವಾ ಮಾಡಿ ಎದ್ದ. ಒಳ್ಳೆಯ ಮನೆತನದ ಹುಡುಗ.

ಇಲ್ಲೊಂದು ವಿಷಯ ಸ್ಪಷ್ಟವಾಗಿ ಬರೆದಿಡುತ್ತೇನೆ. ಈ ಚಿಕಿತ್ಸೆ ನನ್ನ ಹಕ್ಕು. ಡಾಕ್ಟರು ಏಳು ತಿಂಗಳ ಹಿಂದೆಯೇ ಬರೆದುಕೊಟ್ಟಿದ್ದಾರೆ, ತಡವಾದರೆ ಉಳಿದದ್ದೂ ಹೋಗುತ್ತದೆ ಎಂದಿದ್ದಾರೆ. ಮತಕ್ಕೂ ಇದಕ್ಕೂ ಸಂಬಂಧವಿಲ್ಲ. ನಾನು ಯಾರಿಂದಲೂ ಏನನ್ನೂ ಕೇಳಿಲ್ಲ. ಮಿಷಾರಿ ‘ಒಪ್ಪಿಗೆ ಇಲ್ಲ’ ಎನ್ನಬೇಕಾಗಿಯೂ ಇಲ್ಲ, ‘ತಟಸ್ಥ’ ಎಂದರೆ ಸಾಕು. ತಟಸ್ಥ ಎಂದರೆ ಮಂತ್ರಿಯ ಪರ ಎಂದಲ್ಲ.

ಬು ಗಾನಿಮ್ ಫಗಾವನ್ನು ಅನ್ನದ ಜೊತೆ ಮಾಡಿಸಿದರು. ಎರಡು ತುತ್ತು ತಿಂದೆ. ಹಲ್ಲಿಗೆ ಮರಳು ಸಿಕ್ಕಿತು. ಎಷ್ಟು ತೊಳೆದರೂ ಒಂದು ಕಾಳು ಉಳಿದೇ ಇರುತ್ತದೆ.

ಮಾರ್ಚ್ 11, ಸೋಮವಾರ

ಇವತ್ತಿನದನ್ನು ಬರೆಯಬೇಕೋ ಬೇಡವೋ ಎಂದು ಎರಡು ಸಲ ಪೆನ್ನಿನ ಮುಚ್ಚಳ ಹಾಕಿ ತೆಗೆದೆ.

ಸೋಮವಾರ ಸಂಜೆ ನಮ್ಮ ಮನೆಯಲ್ಲಿ ಹೆಂಗಸರ ಕೂಟ. ಸಾಮಾನ್ಯವಾಗಿ ಮೂವತ್ತು ಜನ ಬರುತ್ತಾರೆ. ಇವತ್ತು ಅರವತ್ತಕ್ಕೂ ಹೆಚ್ಚು. ಚಪ್ಪಲಿ ಬಿಡಲು ಜಾಗವಿಲ್ಲ. ಕೆಲಸ ಆದವರು ಸಿಹಿ ತಂದಿದ್ದರು, ಆಗದವರು ಫೈಲು ತಂದಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು: ಈ ಮಂತ್ರಿ ಇರಲಿ, ಇನ್ನೊಂದು ವಾರವಾದರೂ ಇರಲಿ.

ಹುಸ್ಸಾ ಅಂದಳು, “ಮಂತ್ರಿ ಬಿದ್ರೆ ಹೊಸಬ ಬರ್ತಾನೆ, ಹೊಸಬ ಬಂದ್ರೆ ಫೈಲೆಲ್ಲಾ ಮತ್ತೆ ಮೊದಲಿಂದ. ಇನ್ನೂ ಸಿಟ್ಟು ಏರಿದ್ರೆ ಪ್ರಧಾನಿ ಮೇಲೇ ಹೋಗ್ತಾರೆ. ಆಮೇಲೆ ಅಮೀರರ ಮುಂದೆ ಎರಡೇ ದಾರಿ, ಪ್ರಧಾನೀನ ಕಳಿಸೋದು ಇಲ್ಲಾ ಸಭೇನ ಕಳಿಸೋದು. ಸಭೆ ಹೋಯ್ತು ಅಂದ್ರೆ ಮತ್ತೆ ಚುನಾವಣೆ. ಯಾರಿಗೆ ಬೇಕಮ್ಮಾ ಇದೆಲ್ಲ?” ಆಮೇಲೆ ಮೂಲೆಯ ಕಡೆ ತಿರುಗಿ, “ಕೆಲವರಿಗೆ ಕಳಕೊಳ್ಳೋಕೆ ಏನೂ ಉಳಿದಿಲ್ಲ, ಅದಕ್ಕೇ ಊರಿಗೆಲ್ಲ ಬೆಂಕಿ ಹಚ್ಚೋಕೆ ಹೊರಟಿದ್ದಾರೆ,” ಎಂದಳು.

ಮೂಲೆಯಲ್ಲಿ ಲುಲ್ವಾ ಕುಳಿತಿದ್ದಾಳೆಂದು ನನಗೆ ಆಗಲೇ ಗೊತ್ತಾದದ್ದು.

“ಹುಸ್ಸಾ, ನಿನ್ನ ಕೆಲಸ ಆಯ್ತಲ್ಲ, ಕಾಫಿ ಕುಡಿದು ಮನೆಗೆ ಹೋಗು,” ಎಂದೆ. ದನಿ ನಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. 

ಆಮೇಲೆ ಎಂದಿನಂತೆ ಪುಸ್ತಕ ತೆರೆದೆ. ಬಾಕಿ ಇರುವ ಅರ್ಜಿಗಳನ್ನು ಓದಿ ಹೇಳುವುದು ಪದ್ಧತಿ. ಹಾಳೆಯ ಮೇಲೆ ಬೂದು ಮಚ್ಚೆ ಬಿಟ್ಟು ಬೇರೇನೂ ಇರಲಿಲ್ಲ. ಬು ಗಾನಿಮ್ ಹೆಂಗಸರ ಕೋಣೆಗೆ ಬರುವಂತಿಲ್ಲ. ಗುಮಾಸ್ತೆಯಾಗಿದ್ದವಳು ತಡವರಿಸದೆ ಓದುತ್ತಾಳೆ ಎಂದು, “ಲುಲ್ವಾ, ಬಾ, ಓದು,” ಎಂದೆ. ಅಷ್ಟೇ. ಯೋಚನೆ ಮಾಡಿ ಹೇಳಿದ್ದಲ್ಲ.

ಅವಳು ಮೊದಲ ಪುಟದಿಂದ ಶುರು ಮಾಡಿದಳು. ಹೆಸರು, ಬೇಡಿಕೆ, ಗುರುತು. ಸಭೆಯ ಕಾರ್ಯದರ್ಶಿಯ ಹಾಗೆ ಒಂದೇ ದನಿ. ಆರನೆಯ ಪುಟದಲ್ಲಿ ನಿಂತಳು.

“ಲುಲ್ವಾ, ಹಮದ್‌ನ ಹೆಂಡತಿ. ಆಸ್ಪತ್ರೆ ತನಿಖಾ ವರದಿಯ ಒಂದು ಪ್ರತಿ. ಹೋದ ವರ್ಷ ಫೆಬ್ರವರಿ.” ಆಮೇಲೆ, “ಇದಕ್ಕೆ ಸೊನ್ನೆ ಹಾಕಿದೀರಿ ಅಬ್ಲಾ. ಸೊನ್ನೆ ಅಂದ್ರೆ ಏನು?”

ಕೋಣೆಯಲ್ಲಿ ಅರವತ್ತು ಹೆಂಗಸರು ಇದ್ದರು. 

“ಓಡಾಟದಲ್ಲಿ ಇದೆ ಅಂತ,” ಎಂದೆ.

“ಸರಿ,” ಎಂದು ಅವಳು ಮುಂದಿನ ಹೆಸರು ಓದಿದಳು.

ಅವಳು ನಂಬಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಮುಖ ಕಾಣುತ್ತಿರಲಿಲ್ಲ. ಕಣ್ಣು ಹೋದದ್ದಕ್ಕೆ ಮೊದಲ ಬಾರಿ ದೇವರಿಗೆ ಶುಕ್ರ್, ಧನ್ಯವಾದ ಎಂದೆ, ಆ ಮಾತಿಗೆ ಆಮೇಲೆ ಕ್ಷಮೆಯನ್ನೂ ಕೇಳಿದೆ. ನಾನು ಅವಳಿಗೆ ಕೆಟ್ಟದ್ದು ಬಯಸಿ ಸೊನ್ನೆ ಹಾಕಿದ್ದಲ್ಲ. ವರದಿ ಕೇಳುವವರು ಮತ್ತೊಂದು ಉಪಕಾರಕ್ಕೆ ಬರುವುದಿಲ್ಲ, ಮತದ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೆ.

ನಾಚಿಕೆಯಾಗುತ್ತಿದೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಮಾರ್ಚ್ 12, ಮಂಗಳವಾರ

ರಾತ್ರಿ ಊಟದ ಹೊತ್ತಿಗೆ ಮಿಷಾರಿ ಬಂದ. ಅಕ್ಕಿ, ಮೀನು ಬಡಿಸಿದೆ. ಬೆರಳಾಡಿಸಿದನೇ ಹೊರತು ತಿನ್ನಲಿಲ್ಲ. ಬು ಗಾನಿಮ್ ತಲೆವಸ್ತ್ರ ಸರಿ ಮಾಡಿಕೊಳ್ಳುವ ನೆಪದಲ್ಲಿ ಬಾಗಿಲ ಬಳಿಯೇ ನಿಂತಿದ್ದರು.

“ಖಾಲಾ, ಇವತ್ತು ಮೂವರು ಮಂತ್ರಿಗಳು ನನ್ನ ದಿವಾನಿಯಾಕ್ಕೆ, ಗಂಡಸರ ಬೈಠಕ್ಕಿಗೆ, ಬಂದು ಕೂತು ಹೋದ್ರು. ಒಬ್ರು ಹೇಳ್ತಾರೆ, ನೀನು ತಟಸ್ಥ ಅನ್ನು, ನಿನ್ನ ಕ್ಷೇತ್ರದ ಒಂದು ಕಾಗದವೂ ಬಾಕಿ ಇರಲ್ಲ. ಆ ಕಡೆ ಫಲಾಹ್ ಹೇಳ್ತಾನೆ, ನೀನು ಒಪ್ಪಿಗೆ ಅನ್ನದಿದ್ರೆ ಬೀದಿ ಬೀದೀಲಿ ನಿನ್ನ ಮರ್ಯಾದೆ ತೆಗೀತೀನಿ ಅಂತ. ಹೆಂಗಸರ ಮತ ನಿಮ್ಮದು. ನೀವು ಹೇಳಿದ ಹಾಗೆ.”

ಹೇಳಬೇಕಾದ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಮೂರು ದಿನದಿಂದ ಸಿದ್ಧವಾಗಿತ್ತು. ತಟಸ್ಥ ಅನ್ನು ಮಗನೇ. ಮೂರೇ ಪದ.

“ಆ ವರದಿ ನೀನು ನೋಡಿದೀಯಾ?” ಎಂದು ಕೇಳಿದೆ.

“ಯಾರೂ ನೋಡಿಲ್ಲ.”

“ಎಷ್ಟು ಸಲ ಕೇಳಿದ್ದಾರೆ?”

“ಮೂರು ಸಲ. ಎರಡು ವಾರದೊಳಗೆ ಉತ್ತರ ಬರಬೇಕು. ವರ್ಷ ಆಯ್ತು.”

“ನಿನ್ನ ತಾಯಿ ತರಗತೀಲಿ ಮೂರು ಸಲ ಕೇಳಿದ್ರೂ ಉತ್ತರ ಕೊಡದ ಹುಡುಗಿಗೆ ಏನು ಮಾಡ್ತಿದ್ಲು, ಗೊತ್ತಾ?”

“ನಿಲ್ಲಿಸ್ತಿದ್ರು.”

“ನಾನೂ ನಿಲ್ಲಿಸ್ತಿದ್ದೆ. ಮೀನು ತಣ್ಣಗಾಗ್ತಿದೆ, ತಿನ್ನು.”

ಅವನು ನನ್ನ ಮುಖವನ್ನೇ ನೋಡುತ್ತಿದ್ದನೆಂದು ಕಾಣುತ್ತದೆ, ಏಕೆಂದರೆ ಬಹಳ ಹೊತ್ತು ತಟ್ಟೆಯ ಸದ್ದಿರಲಿಲ್ಲ. “ಖಾಲಾ, ನಿಮ್ಮ ಲಂಡನ್ ಫೈಲು? ಬದರ್ ನನಗೂ ಹೇಳಿದ. ಹೇಳೋಕೇ ಅಂತ ಬಂದಿದ್ದ.”

“ಅದು ನನ್ನ ಕಣ್ಣು. ನಿನ್ನ ಮತದ ಒಳಗೆ ಅದಕ್ಕೇನು ಕೆಲಸ? ಹೋಗು, ಮಲಗು, ಬೆಳಿಗ್ಗೆ ಮುಖ ತೊಳ್ಕೊಂಡು ಸಭೆಗೆ ಹೋಗು.”

ನಾನು ಯಾವ ಸಲಹೆಯನ್ನೂ ಕೊಡಲಿಲ್ಲ. ಇದನ್ನೂ ಸ್ಪಷ್ಟವಾಗಿ ಬರೆದಿಡುತ್ತೇನೆ. ಅವನು ಹೋದ ಮೇಲೆ ಬು ಗಾನಿಮ್ ಬಂದು ಎದುರು ಕುಳಿತು, “ಅಬ್ಲಾ, ನೀನು ಈಗ ಏನು ಮಾಡಿದೆ ಅಂತ ನಿನಗೆ ಗೊತ್ತಾ?” ಎಂದರು.

“ಊಟ ಹಾಕಿದೆ.”

ಅವರು ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ವಯಸ್ಸಾದ ಗಂಡಸು, ಸುಮ್ಮಸುಮ್ಮನೆ ಹೆದರುತ್ತಾರೆ.

ಮಾರ್ಚ್ 13, ಬುಧವಾರ

ಗ್ಯಾಲರಿ ಕಿಕ್ಕಿರಿದಿತ್ತು. ಲುಲ್ವಾ ತಾನಾಗಿಯೇ ನಮ್ಮ ಕಾರಿನ ಹತ್ತಿರ ಬಂದು ನಿಂತಿದ್ದಳು, “ಯಾರು ಎಲ್ಲಿ ಕೂತಿದ್ದಾರೆ ಅಂತ ನಾನು ಹೇಳ್ತೀನಿ ಅಬ್ಲಾ,” ಎಂದಳು. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ.

ಕೆಳಗೆ ನನಗೆ ಕಂಡದ್ದು ಬಿಳಿ ಅಂಚು, ನಡುವೆ ಮಬ್ಬು. ಹಾಗಾಗಿ ಜಪಸರ ಹಿಡಿದು ಕಿವಿ ಕೊಟ್ಟು ಕುಳಿತೆ. ಮೂವತ್ಮೂರು ಮಣಿ. ಒಂದು ಒಪ್ಪಿಗೆಗೆ ಒಂದು ಮಣಿ. ಇಪ್ಪತ್ತೈದನೆಯದನ್ನು ಮೊದಲೇ ಎಣಿಸಿ ಉಗುರಿನಿಂದ ಗುರುತು ಹಿಡಿದಿದ್ದೆ.

ಕಾರ್ಯದರ್ಶಿ ಅಕ್ಷರ ಕ್ರಮದಲ್ಲಿ ಹೆಸರು ಕರೆಯತೊಡಗಿದ. ಒಪ್ಪಿಗೆ. ಒಪ್ಪಿಗೆ ಇಲ್ಲ. ಒಪ್ಪಿಗೆ. ಪತ್ರಿಕೆಯವರು ಹೇಳಿದ್ದ ಲೆಕ್ಕ ಬಹಳ ಹೊತ್ತು ಒಂದೂ ತಪ್ಪಲಿಲ್ಲ. ನನ್ನ ಬೆರಳು ಹದಿನೇಳಕ್ಕೆ ಬಂದಾಗ ಫಲಾಹ್‌ನ ಹೆಸರು ಕರೆದರು. ಮೊದಲ ಸಹಿ ಹಾಕಿದವನು, ಏಳು ಗಂಟೆ ಗುಡುಗಿದವನು.

“ತಟಸ್ಥ.”

ಎಂಥ ಸಣ್ಣ ದನಿ! ಮಾರುಕಟ್ಟೆಯಲ್ಲಿ ಕಳೆದುಹೋದ ಮಗುವಿನ ದನಿ. ಕೆಳಗೆ ಗದ್ದಲವೆದ್ದಿತು, ಸಭಾಪತಿ ಸುತ್ತಿಗೆ ಬಡಿದರು. ಲುಲ್ವಾ ನನ್ನ ತೋಳು ಹಿಡಿದುಕೊಂಡಳು. ಅವಳಿಗೂ ಲೆಕ್ಕ ಬರುತ್ತದೆ. ಫಲಾಹ್ ಜಾರಿದ ಮೇಲೆ ಮಿಷಾರಿ ಸೇರಿದರೂ ಇಪ್ಪತ್ತನಾಲ್ಕು. ಮಂತ್ರಿ ಉಳಿದ. ಮಿಷಾರಿಯ ಹೆಸರು ಇನ್ನೂ ಬಂದಿರಲಿಲ್ಲ, ಮಂತ್ರಿ ಆಗಲೇ ಉಳಿದಿದ್ದ.

ಆಗ ನನ್ನ ಮನಸ್ಸಿನಲ್ಲಿ ಏನು ಬಂತೆಂದು ಸುಳ್ಳಿಲ್ಲದೆ ಬರೆಯುತ್ತೇನೆ. ಮಗನೇ, ಈಗ ತಟಸ್ಥ ಅನ್ನು ಎಂದು ಬಂತು. ಈಗ ಒಪ್ಪಿಗೆ ಎಂದರೆ ಯಾರಿಗೂ ಲಾಭವಿಲ್ಲ, ಮಂತ್ರಿ ಕುರ್ಚಿಯಲ್ಲೇ ಇರುತ್ತಾನೆ, ನಿನ್ನನ್ನು ನೆನಪಿಟ್ಟುಕೊಳ್ಳುತ್ತಾನೆ. ಬಾಕಿ ಉಳಿದ ಕಾಗದಗಳು, ನನ್ನ ಕಣ್ಣು. ಯಾರೂ ನಿನ್ನನ್ನು ದೂರುವುದಿಲ್ಲ, ದೂರುವವರು ಫಲಾಹ್‌ನನ್ನು ದೂರುತ್ತಾರೆ. ಅನ್ನು.

ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು. ಮಿಷಾರಿಯ ಹೆಸರು ಕರೆದರು.

“ಎದ್ದು ನಿಂತ್ರು ಅಬ್ಲಾ,” ಎಂದಳು ಲುಲ್ವಾ. ಏಳುವ ಪದ್ಧತಿಯಿಲ್ಲ, ಕುಳಿತೇ ಹೇಳುತ್ತಾರೆ. “ಮಂತ್ರಿ ಕಡೆ ನೋಡ್ತಿದ್ದಾರೆ.”

“ಒಪ್ಪಿಗೆ.”

“ಶಭಾಷ್!” ಎಂದು ಯಾರೋ ಕೂಗಿದರು. ಕಾವಲಿನವನು ನನ್ನ ಹೆಗಲ ಹತ್ತಿರ ಬಗ್ಗಿ, “ಅಮ್ಮಾ, ಗ್ಯಾಲರೀಲಿ ಮಾತಾಡೋ ಹಾಗಿಲ್ಲ,” ಎಂದ ಮೇಲೆಯೇ ಕೂಗಿದ್ದು ನಾನೆಂದು ತಿಳಿದದ್ದು.

ಆಮೇಲೆ ಮೂವರು ಉಳಿದಿದ್ದರು, ಮೂವರೂ ಒಪ್ಪಿಗೆ. ಇಪ್ಪತ್ತನಾಲ್ಕು ಮಣಿ ಒಂದು ಕಡೆ. ಇಪ್ಪತ್ತೈದನೆಯದು ಉಗುರಿನ ಕೆಳಗೇ ಉಳಿಯಿತು. ಮಂತ್ರಿಯ ಸುತ್ತ ಜನ ಮುತ್ತಿ ಅಭಿನಂದಿಸಿದರು, ಕೆಲವರು ಆಗಲೇ ಕಾಗದ ಚಾಚಿದರು ಎಂದು ಲುಲ್ವಾ ಹೇಳಿದಳು.

ಮೆಟ್ಟಿಲು ಇಳಿಯುವಾಗ ಅವಳು ಅಳುತ್ತಿದ್ದಳು. ಸೋತದ್ದಕ್ಕಲ್ಲವಂತೆ. “ಇಪ್ಪತ್ತನಾಲ್ಕು ಜನ ಅಬ್ಲಾ. ಹಮದ್‌ನ ಹೆಸರು ಗೊತ್ತಿಲ್ಲದವರು ಇಪ್ಪತ್ತನಾಲ್ಕು ಜನ ಬಾಯಿಬಿಟ್ಟು ಹೇಳಿದ್ರು,” ಎಂದಳು.

ಮಿಷಾರಿ ಮಾಡಿದ್ದು ಶುದ್ಧ ದಡ್ಡತನ ಎಂಬುದು ನನ್ನ ಅಭಿಪ್ರಾಯ. ಅವನ ತಾಯಿ ಇದ್ದಿದ್ದರೆ ಏನೆನ್ನುತ್ತಿದ್ದಳೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಬಹಳ ಸಂತೋಷಪಡುತ್ತಿದ್ದಳು.

ಮಾರ್ಚ್ 14, ಗುರುವಾರ

ಬು ಗಾನಿಮ್ ಬೆಳಿಗ್ಗೆಯೇ ಹೋಗಿದ್ದರು. ನಾನು ಬೇಡವೆಂದಿದ್ದೆ. ಫೈಲು ಸಿಗುತ್ತಿಲ್ಲವಂತೆ. ಬದರ್ ಮೀಟಿಂಗಿನಲ್ಲಿ ಇದ್ದನಂತೆ. ಇವರು ಕಾರಿಡಾರಿನಲ್ಲಿ ನಿಂತು ಕೂಗಾಡಿ, ಫಗಾ ತುಂಬಿಸಿ ಕಳಿಸಿದ್ದ ಬುಟ್ಟಿಯನ್ನು ಅಲ್ಲೇ ಮೇಜಿನ ಮೇಲೆ ಖಾಲಿ ಇಟ್ಟು ಬಂದಿದ್ದಾರೆ.

ಇಲ್ಲಿಯ ಡಾಕ್ಟರು ಏಪ್ರಿಲ್‌ನಲ್ಲಿ ಇಲ್ಲೇ ಪ್ರಯತ್ನ ಮಾಡೋಣ, ಭರವಸೆ ಕೊಡಲಾರೆ ಎಂದರು. ನಾನು ಅತ್ತುಬಿಟ್ಟೆ. ಬು ಗಾನಿಮ್ ಪತ್ರಿಕೆ ತಂದು ಪಕ್ಕದಲ್ಲಿ ಕುಳಿತು ಮೊದಲ ಪುಟದಿಂದ ಓದತೊಡಗಿದರು. ಎಷ್ಟು ಕೆಟ್ಟದಾಗಿ ಓದುತ್ತಾರೆ! ಪೂರ್ಣವಿರಾಮವೇ ಇಲ್ಲ.

ಮಾರ್ಚ್ 18, ಸೋಮವಾರ

ಕೂಟಕ್ಕೆ ಒಂಬತ್ತು ಜನ ಬಂದರು. ಕಳೆದ ಸೋಮವಾರದ ಸಿಹಿ ಇನ್ನೂ ಉಳಿದಿತ್ತು, ಅದನ್ನೇ ಕೊಟ್ಟೆ. ಹುಸ್ಸಾ ಬರಲಿಲ್ಲ. ಅವಳ ಮಗಳ ವರ್ಗಾವಣೆ ರದ್ದಾಗಿದೆಯಂತೆ, ನನ್ನನ್ನು ಬೀದಿಯಲ್ಲಿ ಬೈದಳಂತೆ. ಬೈಯಲಿ. ಅವಳಿಗೆ ಬೈಯುವ ಹಕ್ಕಿದೆ. ಮುಂದಿನ ಚುನಾವಣೆಯಲ್ಲಿ ಮಿಷಾರಿ ಸೋಲುವುದು ಬಹುತೇಕ ಖಚಿತ.

ವರದಿ ಎಲ್ಲಿ ಎಂದು ಅವನು ನಿನ್ನೆ ನಾಲ್ಕನೆಯ ಪ್ರಶ್ನೆ ಕಳಿಸಿದ್ದಾನೆ, ತನ್ನ ಹೆಸರಿನಲ್ಲಿ. 

ಲುಲ್ವಾಳ ಕೈಗೆ ಹಸಿರು ಪುಸ್ತಕ ಕೊಟ್ಟು ಆರನೆಯ ಪುಟ ತೆಗೆಯಲು ಹೇಳಿದೆ. “ಸೊನ್ನೆ ಅಂದ್ರೆ ಆಗುವ ಮಾತಲ್ಲ ಅಂತ. ಅವತ್ತು ನಿನಗೆ ಸುಳ್ಳು ಹೇಳಿದೆ,” ಎಂದೆ. ಒಂಬತ್ತು ಜನರ ಎದುರೇ ಹೇಳಿದೆ.

“ಗೊತ್ತಿತ್ತು ಅಬ್ಲಾ. ಪುಸ್ತಕದ ಹಿಂದೆ ಗುರುತುಗಳ ಅರ್ಥ ಬರೆದಿಟ್ಟಿದೀರಿ.”

ಹೆಂಗಸರು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

“ಅದನ್ನ ಹೊಡೆದುಹಾಕು. ಹೊಸ ಪುಟದಲ್ಲಿ ಮೊದಲಿಗೆ ಬರಿ. ನಿನ್ನ ಹೆಸರು, ಹಮದ್‌ನ ಹೆಸರು, ಉಳಿದ ಮೂವರ ಹೆಸರು. ಕೆಳಗೆ ಪ್ರಶ್ನೆ.”

ಪೆನ್ನಿನ ಸದ್ದು ಕೇಳಿಸಿತು. “ಗುರುತು ಏನು ಹಾಕ್ಲಿ?”

“ಗುರುತು ಬೇಡ. ಎರಡು ವಾರದ ಗಡುವು, ತಾರೀಖು ಹಾಕು. ಮಾರ್ಚ್ ಮೂವತ್ತೊಂದು. ಉತ್ತರ ಬರದಿದ್ರೆ ಅದರ ಕೆಳಗೆ ಐದನೇ ಪ್ರಶ್ನೆ.”

ಬರೆದು, ಪುಸ್ತಕವನ್ನು ನನ್ನ ಮುಖದ ಹತ್ತಿರ ಹಿಡಿದಳು. “ದೊಡ್ಡಕ್ಷರದಲ್ಲಿ ಬರೆದಿದೀನಿ ಅಬ್ಲಾ, ನಿಮಗೂ ಕಾಣಲಿ ಅಂತ. ಕೆಳಗೆ ಎರಡು ಗೆರೆ ಎಳೆದಿದೀನಿ. ಕಾಣ್ತಿದೆಯಾ?”

ಬೂದು ಮಚ್ಚೆಯೇ ಇತ್ತು. ಕಾಣುತ್ತಿದೆ ಎಂದೆ.